ಬಡ ಕುಟುಂಬಕ್ಕೆ ಮನೆ ಕಟ್ಟುವ ಸ್ವಯಂಸೇವಕರ ತಂಡ: ಮುಂದಾಳಿನ ಕೆಲಸ ಏನು?

ಓದುಗರ ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಕಳೆದ ವರ್ಷ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅವನು ಶನಿವಾರಗಳಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಜೊತೆ ಬಡವರಿಗೆ ಮನೆ ಕಟ್ಟಲು ಹೋಗುತ್ತಾನೆ. ಅಲ್ಲಿ ಪ್ರತಿ ಗುಂಪಿಗೂ ಒಬ್ಬ ಕ್ರೂ ಲೀಡರ್ ಇರುತ್ತಾರೆ. ಅವರೂ ಸ್ವಯಂಸೇವಕರೇ. ಅದನ್ನು ನೋಡಿ ನಮ್ಮೂರಲ್ಲೂ ಮಾಡಬೇಕು ಅನ್ನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳು ಇಪ್ಪತ್ತೈದು ಜನ ಭಾನುವಾರ ಬರಲು ತಯಾರಿದ್ದಾರೆ. ಊರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ, ಇಬ್ಬರು ಮಕ್ಕಳ ಜೊತೆ ತಗಡಿನ ಶೆಡ್‌ನಲ್ಲಿದ್ದಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಮಂಜೂರಾಗಿದೆ. ಕೂಲಿಗೆ ಹಣವಿಲ್ಲ ಅಂತ ಕೆಲಸ ಶುರುವಾಗಿಲ್ಲ. ಎಲ್ಲರೂ ನನ್ನನ್ನೇ ಮುಂದಾಳಾಗಿ ಅನ್ನುತ್ತಿದ್ದಾರೆ. ನನಗೆ ಕಟ್ಟಡದ ಕೆಲಸ ಗೊತ್ತಿಲ್ಲ. ಈ ಜವಾಬ್ದಾರಿ ಹೊರಬಹುದಾ? ಏನೇನು ನೋಡಿಕೊಳ್ಳಬೇಕು?

ಉತ್ತರ:

ಮಾಸ್ತರೇ, ಖಂಡಿತ ಹೊರಬಹುದು. ವರ್ಷಗಟ್ಟಲೆ ತರಗತಿ ನಡೆಸಿದವರಿಗೆ ಈ ಕೆಲಸದ ಅರ್ಧ ಭಾಗ ಆಗಲೇ ಬರುತ್ತದೆ. ಉಳಿದರ್ಧ ಕಲಿಯಬಹುದು. ಆದರೆ ಅಲ್ಲಿ ನೋಡಿದ್ದನ್ನು ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ. ಅದು ಯಾಕೆ ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮ ಜಾಗ ಯಾವುದು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ.

ಅಮೆರಿಕದಲ್ಲಿ ನೀವು ಕಂಡಿದ್ದು ಮರದ ಮನೆ. ಪಾಯದ ಕೆಲಸವನ್ನು ಸಾಮಾನ್ಯವಾಗಿ ಕಸುಬಿನವರು ಮೊದಲೇ ಮುಗಿಸಿರುತ್ತಾರೆ. ಸ್ವಯಂಸೇವಕರು ಬಂದು 16 ಇಂಚಿಗೊಂದರಂತೆ ಮರದ ಕಂಬಗಳನ್ನು ನೆಲದ ಮೇಲೆ ಮಲಗಿಸಿ ಮೊಳೆ ಹೊಡೆಯುತ್ತಾರೆ. ಆಮೇಲೆ ಹತ್ತು ಹನ್ನೆರಡು ಜನ ಸೇರಿ ಇಡೀ ಗೋಡೆಯನ್ನು ಎತ್ತಿ ನಿಲ್ಲಿಸುತ್ತಾರೆ. ಮೊಳೆ ಸೊಟ್ಟ ಹೋದರೆ ಕಿತ್ತು ಇನ್ನೊಂದು ಹೊಡೆದರಾಯಿತು. ಹಾಗಾಗಿ ಒಂದೆರಡು ವರ್ಷ ಕೆಲಸ ಮಾಡಿದ ಸ್ವಯಂಸೇವಕ ಅಲ್ಲಿ ಗುಂಪನ್ನು ನಡೆಸಬಹುದು.

ನಮ್ಮ ಮನೆ ಕಲ್ಲು, ಬ್ಲಾಕು, ಸಿಮೆಂಟಿನದು. ಸಿಮೆಂಟು ಗಟ್ಟಿಯಾದ ಮೇಲೆ ತಪ್ಪು ಅಲ್ಲೇ ಉಳಿಯುತ್ತದೆ. ಸೊಟ್ಟ ಎದ್ದ ಗೋಡೆಯನ್ನು ಮುಂದಿನ ಭಾನುವಾರ ನೆಟ್ಟಗೆ ಮಾಡಲು ಬರುವುದಿಲ್ಲ. ಅದಕ್ಕೇ ಇಲ್ಲಿ ಗೌಂಡಿ, ಅಂದರೆ ಗೋಡೆ ಕಟ್ಟುವ ಮೇಸ್ತ್ರಿ, ಬೇಕೇ ಬೇಕು. ಗೋಡೆಯ ಮಾತು ಗೌಂಡಿಯದು. ನೀವು ಗೌಂಡಿಯ ಬಲಗೈ. ಇಪ್ಪತ್ತೈದು ಜೊತೆ ಹೊಸ ಕೈಗಳು ಅವರ ಕೆಲಸವನ್ನು ಕೆಡಿಸದೆ, ಅವರ ವೇಗವನ್ನು ತಗ್ಗಿಸದೆ, ನಿಜವಾಗಿಯೂ ಅವರಿಗೆ ಸಹಾಯ ಆಗುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಇಲ್ಲಿನ ಮುಂದಾಳ್ತನ ಅಂದರೆ ಇಷ್ಟೇ, ಮತ್ತು ಇದು ಸಣ್ಣ ಕೆಲಸವಲ್ಲ.

ಒಂದು ವಿಷಯವನ್ನು ಮಾತ್ರ ಅಲ್ಲಿಂದ ಹಾಗೇ ತನ್ನಿ. ಹ್ಯಾಬಿಟ್ಯಾಟ್ ಸಂಸ್ಥೆಯನ್ನು ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನಲ್ಲಿ ಶುರು ಮಾಡಿದರು. ಜಿಮ್ಮಿ ಕಾರ್ಟರ್ ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ, 1984ರಿಂದ, ಸುತ್ತಿಗೆ ಹಿಡಿದು ಅದರಲ್ಲಿ ದುಡಿದರು. 2006ರಲ್ಲಿ ಪುಣೆ ಹತ್ತಿರದ ಲೋಣಾವಳಕ್ಕೂ ಬಂದಿದ್ದರು. ಆ ಸಂಸ್ಥೆ ಮನೆಯನ್ನು ಸುಮ್ನೆ ದಾನ ಕೊಡುವುದಿಲ್ಲ. ಮನೆ ಪಡೆಯುವ ಕುಟುಂಬ ತಾನೂ ಇಷ್ಟು ಗಂಟೆ ಅಂತ ಕೈಯಾರೆ ದುಡಿಯಬೇಕು. ಇದನ್ನು ಅವರು ಶುರುವಿನಿಂದಲೂ ಬಿಟ್ಟಿಲ್ಲ. ನಿಮ್ಮ ತಂಡದಲ್ಲೂ ಆ ತಾಯಿಗೆ ಒಂದು ಜಾಗ ಇರಲಿ. ದಿನವಿಡೀ ಕಲ್ಲು ಹೊರಬೇಕು ಅಂತಲ್ಲ. ಅವರು ಕೂಲಿಗೆ ಹೋದರೇ ಒಲೆ ಉರಿಯುವುದು, ಅದೂ ಗೊತ್ತಿರಲಿ. ಆದರೆ ಸಾಮಾನು ಬಂದಾಗ ಎಣಿಸಿಕೊಳ್ಳುವುದು, ಸಿಮೆಂಟ್ ಚೀಲದ ಲೆಕ್ಕ ಇಡುವುದು, ಗೋಡೆಗೆ ನೀರು ಹಾಕುವುದು, ಬಾಗಿಲು ಯಾವ ಕಡೆಗೆ ಅಂತ ಹೇಳುವುದು ಅವರ ಕೈಯಲ್ಲಿರಲಿ. ಬಚ್ಚಲು ಎಲ್ಲಿ, ಒಲೆ ಎಲ್ಲಿ, ದೇವರ ಗೂಡು ಯಾವ ಮೂಲೆಗೆ, ಆಕಳು ಕಟ್ಟಲು ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು? ಇದನ್ನೆಲ್ಲ ಅವರೇ ಹೇಳಬೇಕು. ಆಯ ನೋಡಿಸಬೇಕು ಅಂದರೆ ನೋಡಿಸಲಿ. ಅಲ್ಲಿ ನಿಂತು ವಾದ ಮಾಡಬೇಡಿ. ಆ ಮನೆಯಲ್ಲಿ ಬಾಳುವವರು ಅವರು.

ಈಗ ಗುದ್ದಲಿ ಹಿಡಿಯುವ ಮೊದಲಿನ ಕೆಲಸ. ಪಂಚಾಯಿತಿಗೆ ಹೋಗಿ ಪಿಡಿಒ ಅವರ ಹತ್ತಿರ ಕೂತು ಕಾಗದಗಳನ್ನು ನೋಡಿ. ಜಾಗ ಯಾರ ಹೆಸರಲ್ಲಿದೆ? ಮೈದುನನ ಹೆಸರಲ್ಲೋ ಮಾವನ ಹೆಸರಲ್ಲೋ ಇದ್ದರೆ ಅದನ್ನು ಮೊದಲು ಇತ್ಯರ್ಥ ಮಾಡಿಸಿ. ಗಂಡ ತೀರಿಕೊಂಡ ಮನೆಗಳಲ್ಲಿ ಜಗಳ ಬರುವುದು ಗೋಡೆ ಎದ್ದ ಮೇಲೆ, ನೀವು ಬೆವರು ಸುರಿಸಿ ಮುಗಿಸಿದ ಮೇಲೆ. ಮಂಜೂರಾತಿ ಆ ತಾಯಿಯ ಹೆಸರಲ್ಲೇ ಇದೆಯಾ ಅಂತಲೂ ನೋಡಿ. ಆಮೇಲೆ ಕಂತುಗಳ ವಿಚಾರ. ಹಣ ಹಂತ ಹಂತವಾಗಿ ಬರುತ್ತದೆ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಆಗಬೇಕು. ಖಾಲಿ ಜಾಗದ ಫೋಟೊ ಆಗುವ ಮೊದಲೇ ನೀವು ಉತ್ಸಾಹದಿಂದ ಪಾಯ ಅಗೆದುಬಿಟ್ಟರೆ ಆ ಕುಟುಂಬದ ಕಂತಿಗೇ ತೊಂದರೆ. ಯಾವ ಹಂತಕ್ಕೆ ಯಾರು ಬಂದು ಫೋಟೊ ತೆಗೆಯುತ್ತಾರೆ, ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಯೋಜನೆಯ ಗ್ರಾಮೀಣ ನಿಯಮದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ, ಅಡುಗೆ ಜಾಗವೂ ಸೇರಿ. ಶೌಚಾಲಯಕ್ಕೆ 12,000 ರೂಪಾಯಿ ಬೇರೆ. ಸ್ವಂತ ಮನೆ ಕಟ್ಟಿಕೊಂಡಿದ್ದಕ್ಕೆ 90 ದಿನಗಳ ಉದ್ಯೋಗ ಖಾತ್ರಿ ಕೂಲಿಯನ್ನೂ ಇದರ ಜೊತೆ ಜೋಡಿಸಿದ್ದಾರೆ. ಈಗ ಅದನ್ನು ಹೇಗೆ ಪಡೆಯಬೇಕು ಅಂತ ಪಂಚಾಯಿತಿಯಲ್ಲೇ ಕೇಳಿ. ಕೂಲಿಗೆ ಹಣವಿಲ್ಲ ಅಂತ ನಿಂತ ಮನೆಗೆ ಆ ಹಣ ದೊಡ್ಡ ಆಸರೆ. ಎಷ್ಟೋ ಮನೆಗಳಲ್ಲಿ ಅದನ್ನು ಕೇಳಿಯೇ ಇರುವುದಿಲ್ಲ. ಇನ್ನೊಂದು ಮಾತು. ಈ ಯೋಜನೆಯಲ್ಲಿ ಗುತ್ತಿಗೆದಾರನಿಗೆ ಮನೆ ವಹಿಸುವಂತಿಲ್ಲ. ಫಲಾನುಭವಿ ತಾನೇ ನಿಂತು ಕಟ್ಟಿಸಬೇಕು. ಒಂಟಿ ಹೆಣ್ಣುಮಗಳಿಗೆ ಗೌಂಡಿ, ಸಾಮಾನಿನ ಅಂಗಡಿ, ಟ್ರ್ಯಾಕ್ಟರ್‌ನವರು, ಪಂಚಾಯಿತಿ ಎಲ್ಲವನ್ನೂ ನಿಭಾಯಿಸುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ನಿಮ್ಮ ತಂಡ ಕಲ್ಲು ಹೊರುವುದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇಲ್ಲೇ ಇರಬಹುದು.

ಇನ್ನು ಮನೆಯ ಅಳತೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಅರ್ಧಕ್ಕೆ ನಿಂತ ಮನೆಗಳನ್ನು ನೋಡಿದ್ದೀರಿ. ಲಿಂಟಲ್, ಅಂದರೆ ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟು ಪಟ್ಟಿಯವರೆಗೆ ಗೋಡೆ, ಒಳಗೆ ಜಾಲಿ ಗಿಡ. ಅವುಗಳಲ್ಲಿ ಬಹಳಷ್ಟು ಮನೆಗಳು ನಿಂತಿರುವುದು ಪಾಯ ದೊಡ್ಡದಾಗಿದ್ದಕ್ಕೆ. ಜೀವನದಲ್ಲಿ ಒಂದೇ ಸಲ ಕಟ್ಟುವುದು ಅಲ್ವಾ, ಇನ್ನೊಂದು ಕೋಣೆ ಇರಲಿ ಅನ್ನುತ್ತಾರೆ. 270 ಅಡಿಯ ದುಡ್ಡಿನಲ್ಲಿ 500 ಅಡಿಯ ಪಾಯ ಬೀಳುತ್ತದೆ. ಮೊದಲ ಕಂತು ಮಣ್ಣೊಳಗೇ ಮುಗಿದುಹೋಗುತ್ತದೆ. ಉಚಿತ ಕೂಲಿ ಸಿಗುತ್ತದೆ ಅಂತ ಗೊತ್ತಾದಾಗ ಈ ಆಸೆ ಇನ್ನೂ ಹೆಚ್ಚುತ್ತದೆ. ಆ ತಾಯಿಯ ಜೊತೆ ಕೂತು ಒಂದು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿ. ಗಣಿತದ ಮಾಸ್ತರು ಹಾಕಿದ ಲೆಕ್ಕವನ್ನು ಅವರು ನಂಬುತ್ತಾರೆ. ಈಗ ಸಣ್ಣ ಮನೆ ಪೂರ್ತಿ ಮುಗಿಯಲಿ. ಮುಂದೆ ಕೋಣೆ ಸೇರಿಸುವ ಕಡೆ ಯಾವುದು ಅಂತ ಈಗಲೇ ತೀರ್ಮಾನಿಸಿ, ಆ ಗೋಡೆಯಲ್ಲಿ ಬಾಗಿಲಿನಷ್ಟು ಜಾಗಕ್ಕೆ ಲಿಂಟಲ್ ಕೂರಿಸಿ, ಅದರ ಕೆಳಗೆ ಬ್ಲಾಕು ತುಂಬಿ ಮುಚ್ಚಿದರೆ ಸಾಕು. ಮಗ ದುಡಿಯುವ ಕಾಲಕ್ಕೆ ಅದನ್ನು ಒಡೆದು ಕೋಣೆ ಸೇರಿಸಬಹುದು.

ಗೌಂಡಿಯನ್ನು ಆರಿಸುವಾಗ ನಿಮ್ಮ ಯೋಚನೆಯನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ. ಎಷ್ಟೋ ಗೌಂಡಿಗಳಿಗೆ ಸ್ವಯಂಸೇವಕರು ಅಂದರೆ ತಲೆನೋವು. ಅದು ಸಹಜ. ಅವರು ಗಂಟೆಗೆ ಎಷ್ಟು ಬ್ಲಾಕು ಕೂರಿಸುತ್ತಾರೋ ಅದರ ಮೇಲೆ ಅವರ ದಿನ ನಿಂತಿದೆ. ಅವರಿಗೆ ಪೂರ್ತಿ ಕೂಲಿ ಕೊಡಿ. ಸೇವೆಯ ಹೆಸರಲ್ಲಿ ಕಮ್ಮಿ ಮಾಡಬೇಡಿ. ಅವರ ಜೊತೆ ಯಾವಾಗಲೂ ಬರುವ ಒಬ್ಬಿಬ್ಬರು ಆಳುಗಳು ಇರುತ್ತಾರೆ, ಹೆಚ್ಚಾಗಿ ಗಂಡ ಹೆಂಡತಿ. ನಿಮ್ಮ ಹುಡುಗರು ಪುಕ್ಕಟೆ ಬಂದರು ಅಂತ ಅವರನ್ನು ಬಿಡಿಸಬೇಡಿ. ಒಂದು ಬಡ ಮನೆಗೆ ಸೂರು ಕೊಡಲು ಇನ್ನೊಂದು ಬಡ ಮನೆಯ ಕೂಲಿ ಕೀಳುವುದು ಸರಿಯಲ್ಲ. ಆ ಕುಟುಂಬವೇ ಮಾಡಿಕೊಳ್ಳಬೇಕಾದ ಮೈಮುರಿಯುವ ಕೆಲಸ ಬೇಕಾದಷ್ಟಿದೆ. ಪಾಯ ಅಗೆಯುವುದು, ಮಣ್ಣು ತುಂಬಿ ಬಡಿದು ದಮ್ಮಸು ಮಾಡುವುದು, ರಸ್ತೆಯಲ್ಲಿ ಇಳಿಸಿದ ಸಾಮಾನನ್ನು ಒಳಗೆ ಸಾಗಿಸುವುದು, ಮರಳು ಸೋಸುವುದು, ಕೊನೆಗೆ ಬಣ್ಣ. ಸ್ವಯಂಸೇವಕರು ಅದನ್ನು ಹಿಡಿಯಲಿ.

ಇಪ್ಪತ್ತೈದು ಜನ ಅಂದಿರಿ. ಒಂದು ಸಲಕ್ಕೆ ಹತ್ತು ಹನ್ನೆರಡಕ್ಕಿಂತ ಜಾಸ್ತಿ ಕರೆಯಬೇಡಿ. 270 ಅಡಿಯ ಜಾಗದಲ್ಲಿ ಇಪ್ಪತ್ತೈದು ಜನ ನಿಂತರೆ ಅರ್ಧ ಜನ ಫೋನ್ ನೋಡುತ್ತಾ ನಿಲ್ಲುತ್ತಾರೆ, ಇನ್ನರ್ಧ ಜನಕ್ಕೆ ಗುದ್ದಲಿ ತಾಗುತ್ತದೆ. ಐದಾರು ಜನಕ್ಕೆ ಒಬ್ಬ ಉಪಮುಂದಾಳು ಇರಲಿ. ಪಾಳಿ ಹಾಕಿ. ಎಲ್ಲರೂ ಬೇಕಾಗುವುದು ಛಾವಣಿ ಹಾಕುವ ದಿನ ಮಾತ್ರ.

ಭಾನುವಾರದ ತಂಡಕ್ಕೆ ಇನ್ನೊಂದು ತೊಡಕಿದೆ. ಸಿಮೆಂಟಿಗೆ ಭಾನುವಾರ ಗೊತ್ತಿಲ್ಲ. ಇವತ್ತು ಕಟ್ಟಿದ ಗೋಡೆಗೆ ನಾಳೆಯಿಂದ ನೀರು ಬೇಕು. ಈಗ ಅಂಗಡಿಯಲ್ಲಿ ಸಿಗುವ ಸಿಮೆಂಟು ಹೆಚ್ಚಾಗಿ ಹಾರುಬೂದಿ ಬೆರೆಸಿದ್ದು, ಚೀಲದ ಮೇಲೆ ಪಿಪಿಸಿ ಅಂತ ಬರೆದಿರುತ್ತದೆ. ಅದಕ್ಕೆ ಕನಿಷ್ಠ 10 ದಿನ ತೇವ ಆರಬಾರದು. ಹಾಗಾಗಿ ವಾರದ ಕ್ರಮ ಹೀಗಿರಲಿ: ಗೋಡೆ ಕಟ್ಟುವುದು ವಾರದ ದಿನಗಳಲ್ಲಿ, ಗೌಂಡಿ ಮತ್ತು ಅವರ ಆಳುಗಳಿಂದ. ಭಾನುವಾರ ನಿಮ್ಮ ತಂಡ ಮುಂದಿನ ಆರು ದಿನದ ಸಾಮಾನನ್ನು ಗೌಂಡಿಯ ಕೈಗೆಟುಕುವ ಜಾಗಕ್ಕೆ ತಂದಿಡುತ್ತದೆ, ಮಣ್ಣಿನ ಕೆಲಸ ಮಾಡುತ್ತದೆ. ಬೆಳಿಗ್ಗೆ ಸಂಜೆ ನೀರು ಹಾಕುವುದಕ್ಕೆ ಊರಲ್ಲೇ ಇರುವ ನಾಲ್ಕು ಜನರ ಹೆಸರು ಬರೆದು ಪಾಳಿ ಮಾಡಿ. ನೀರಿನ ಪಾಳಿ ತಪ್ಪಿದರೆ ಯಾರಿಗೂ ಅವತ್ತು ಗೊತ್ತಾಗುವುದಿಲ್ಲ. ಗೋಡೆ ಮಾತ್ರ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಒಬ್ಬರು ಲೆಕ್ಕ ಇಡಬೇಕು.

ಪಾಯದ ವಿಷಯಕ್ಕೆ ಬರೋಣ. ನಿಮ್ಮದು ಕಪ್ಪು ಎರೆ ಮಣ್ಣೋ ಕೆಂಪು ಮಸಾರಿಯೋ ನೀವು ಬರೆದಿಲ್ಲ. ಹಾವೇರಿಯಲ್ಲಿ ಎರಡೂ ಇವೆ. ಎರೆಯಾದರೆ ಬಹಳ ಎಚ್ಚರ. ಮಳೆಗಾಲದಲ್ಲಿ ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕೂತ ಗೋಡೆಯೂ ವರ್ಷಕ್ಕೊಮ್ಮೆ ಎದ್ದು ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುವುದು ಹೀಗೇ. ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಗುವವರೆಗೂ ಅಗೆಯಬೇಕು. ಐದಾರು ಅಡಿ ಹೋದರೂ ಎರೆಯೇ ಬರುತ್ತಿದ್ದರೆ ನಿಲ್ಲಿಸಿ, ತಾಲ್ಲೂಕು ಪಂಚಾಯಿತಿಯ ಎಂಜಿನಿಯರನ್ನು ಕರೆಸಿ. ಅಂಥ ನೆಲಕ್ಕೆ ಅಂಡರ್ ರೀಮ್ಡ್ ಪೈಲ್ ಎಂಬ, ಬುಡ ಅಗಲವಾದ ಕಾಂಕ್ರೀಟು ಕಂಬಗಳ ಪದ್ಧತಿಯಿದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ಎರೆ ನೆಲಕ್ಕಾಗಿಯೇ ಅದನ್ನು ರೂಪಿಸಿತು. ಅದನ್ನು ತೀರ್ಮಾನಿಸುವುದು ಎಂಜಿನಿಯರ್ ಕೆಲಸ. ನಿಮ್ಮ ಕೆಲಸ ಅಗೆದ ಎರೆ ಮಣ್ಣು ಮತ್ತೆ ಮನೆಯ ಒಳಗೆ ಬೀಳದಂತೆ ನೋಡುವುದು. ಸ್ವಯಂಸೇವಕರು ಹತ್ತಿರ ಇರುವ ಮಣ್ಣನ್ನೇ ಒಳಗೆ ಎಳೆದು ತುಂಬಿಬಿಡುತ್ತಾರೆ. ಬೇಡ. ಒಳಗೆ ಗರಸೇ ತುಂಬಬೇಕು, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಒಂದೇ ಸಲ ಮೂರಡಿ ತುಂಬಿ ಮೇಲೆ ಕುಣಿದರೆ ಒಳಗೆ ಟೊಳ್ಳು ಉಳಿದು, ಎರಡು ವರ್ಷಕ್ಕೆ ನೆಲದ ಫರ್ಸಿ ಕುಸಿಯುತ್ತದೆ.

ಅಗೆಯುವಾಗ ಗುಂಡಿ ಐದಡಿ ದಾಟಿದರೆ ಬದಿ ಜಾರಬಹುದು. ಬದಿಗೆ ಹಲಗೆ ಆನಿಸದೆ ಯಾರನ್ನೂ ಒಳಗೆ ಇಳಿಸಬೇಡಿ. ತೆಗೆದ ಮಣ್ಣನ್ನು ಗುಂಡಿಯ ಅಂಚಿಗೇ ಗುಡ್ಡೆ ಹಾಕಿದರೆ ಅದರ ಭಾರಕ್ಕೇ ಅಂಚು ಕುಸಿಯುತ್ತದೆ. ಐದಡಿ ದೂರ ಎಸೆಯಲಿ.

ಪಾಯಕ್ಕೆ ದಾರ ಕಟ್ಟಿ ಗುರುತು ಹಾಕುವ ಮಾರ್ಕಿಂಗ್ ದಿನ ನೀವು ಖಂಡಿತ ಇರಬೇಕು. ಅದು ನಿಮ್ಮ ವಿಷಯ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಎರಡರ ನಡುವೆ ಓರೆ ಅಳತೆ 5 ಅಡಿ ಬಂದರೆ ಮೂಲೆ ಸರಿ. ಜಾಗ ಇದ್ದರೆ 6, 8, 10 ತಗೊಳ್ಳಿ, ಅಳತೆ ದೊಡ್ಡದಾದಷ್ಟೂ ತಪ್ಪು ಕಮ್ಮಿ. ಕೊನೆಗೆ ಇಡೀ ಮನೆಯ ಎರಡು ಓರೆಗಳನ್ನೂ ಅಳೆಯಿರಿ. ಎರಡೂ ಒಂದೇ ಇರಬೇಕು. ಗೌಂಡಿಗೆ ಇದೆಲ್ಲ ಬೆರಳ ತುದಿಯಲ್ಲಿರುತ್ತದೆ. ನಿಮ್ಮ ಹಳೆಯ ವಿದ್ಯಾರ್ಥಿಗಳ ಕೈಯಲ್ಲಿ ದಾರ ಕೊಟ್ಟು, ಅವರ ಮುಂದೆ ಗೌಂಡಿಯಿಂದಲೇ ಹೇಳಿಸಿ. ಆ ಹತ್ತು ನಿಮಿಷದಲ್ಲಿ ಹುಡುಗರಿಗೆ ಗೌಂಡಿಯ ಮೇಲೆ ಗೌರವ ಬರುತ್ತದೆ. ಮುಂದೆ ಅವರು ಹೇಳಿದ್ದನ್ನು ಕೇಳುತ್ತಾರೆ.

ಕೆಲಸ ಹಂಚುವುದರಲ್ಲಿ ಮಾಸ್ತರಿಕೆ ಬೇಕು. ಬೆಳಿಗ್ಗೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಇವತ್ತು ಸಂಜೆಗೆ ಏನು ಮುಗಿದಿರಬೇಕು ಅಂತ ಕೈ ತೋರಿಸಿ ಹೇಳಿ. “ಮರಳು ಸೋಸಿ” ಅಂದರೆ ಮಧ್ಯಾಹ್ನಕ್ಕೆ ಸುಸ್ತಾಗುತ್ತಾರೆ. “ಈ ಗುಡ್ಡೆ ಊಟದೊಳಗೆ ಮುಗಿಯಬೇಕು, ಆಮೇಲೆ ಬ್ಲಾಕು ಸಾಗಿಸೋಣ” ಅಂದರೆ ಮುಗಿಸುತ್ತಾರೆ. ಹೊಸ ಕೆಲಸ ಕೊಡುವಾಗ ಒಮ್ಮೆ ಮಾಡಿ ತೋರಿಸಿ, ಅವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ತಪ್ಪಾದರೆ ಬಾಯಲ್ಲಿ ಹೇಳಿ. ಅವರ ಕೈಯಿಂದ ಸಲಿಕೆ ಕಿತ್ತುಕೊಂಡು ನೀವೇ ಮಾಡಬೇಡಿ. ಒಂದು ಸಲ ಕಿತ್ತುಕೊಂಡರೆ ಆ ಹುಡುಗ ಇಡೀ ದಿನ ಬದಿಗೆ ನಿಲ್ಲುತ್ತಾನೆ.

ಹೆಣ್ಣುಮಕ್ಕಳು ಬಂದಿದ್ದರೆ ಅವರಿಗೆ ನೀರು ತರುವ, ಚಹಾ ಹಂಚುವ ಕೆಲಸ ತಾನಾಗಿಯೇ ಹೋಗಿ ಬೀಳುತ್ತದೆ. ಯಾರೂ ಹೇಳಬೇಕಾಗಿಲ್ಲ. ಹಾಗೆ ಆಗದಂತೆ ನೀವೇ ತಡೆಯಬೇಕು. ದಾರ ಹಿಡಿಯುವುದು, ಮಟ್ಟ ನೋಡುವುದು, ಗೌಂಡಿಯ ಪಕ್ಕ ನಿಂತು ಗಾರೆ ಕೊಡುವುದು ಅವರಿಗೂ ಬರಲಿ. ಅವರಿಗೆ ಶೌಚಾಲಯ ಎಲ್ಲಿ ಅಂತ ಮೊದಲ ದಿನವೇ ಪಕ್ಕದ ಮನೆಯಲ್ಲಿ ಕೇಳಿಟ್ಟಿರಿ. ಇದನ್ನು ಮರೆತರೆ ಎರಡನೇ ಭಾನುವಾರ ಅವರು ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಆರು ಇಂಚಿನ, ಟೊಳ್ಳಿಲ್ಲದ ಕಾಂಕ್ರೀಟ್ ಬ್ಲಾಕು ಒಂದೊಂದೂ ಸುಮಾರು 25 ಕೆಜಿ ತೂಗುತ್ತದೆ. ಜಿಮ್‌ಗೆ ಹೋಗುವ ಹುಡುಗರು ಎರಡೆರಡು ಎತ್ತಿ ತೋರಿಸುತ್ತಾರೆ, ಸೋಮವಾರ ಸೊಂಟ ಹಿಡಿದು ಮಲಗುತ್ತಾರೆ. ಸಾಲಾಗಿ ನಿಲ್ಲಿಸಿ ಕೈಯಿಂದ ಕೈಗೆ ದಾಟಿಸಿ. ಒಬ್ಬೊಬ್ಬರ ನಡುವೆ ಒಂದು ಹೆಜ್ಜೆಗಿಂತ ದೂರ ಬೇಡ, ಬ್ಲಾಕನ್ನು ಎಸೆಯುವುದಂತೂ ಬೇಡವೇ ಬೇಡ.

ಗೋಡೆ ಒಂದು ದಿನಕ್ಕೆ ಮೂರು, ಮೂರೂವರೆ ಅಡಿಗಿಂತ ಮೇಲೆ ಹೋಗಬಾರದು. ಕೆಳಗಿನ ಗಾರೆ ಹಸಿ ಇರುವಾಗ ಮೇಲೆ ಭಾರ ಬಿದ್ದರೆ ಗೋಡೆ ಬಾಗುತ್ತದೆ. ಸಾಮಾನು ಪಟಪಟನೆ ಕೈಗೆ ಬರುತ್ತಿದ್ದರೆ ಗೌಂಡಿಗೂ ಇನ್ನೊಂದು ವರಸೆ, ಅಂದರೆ ಬ್ಲಾಕಿನ ಸಾಲು, ಏರಿಸೋಣ ಅನ್ನಿಸುತ್ತದೆ. ಸಂಜೆ ತೂಗುಗುಂಡು ಬಿಟ್ಟು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎಲ್ಲಾದರೂ ಹೊರಗೆ ಬಂದಿದ್ದರೆ, ಹಸಿ ಇರುವಾಗಲೇ ಆ ವರಸೆ ತೆಗೆಸಬೇಕು. ಇದನ್ನು ಎಲ್ಲರ ಮುಂದೆ ಹೇಳಬೇಡಿ. ಗೌಂಡಿಯನ್ನು ಬದಿಗೆ ಕರೆದು ತೋರಿಸಿ. ಒಳ್ಳೆಯ ಗೌಂಡಿ ತಾನೇ ತೆಗೆಯುತ್ತಾರೆ.

ಈಗ ಛಾವಣಿ ಹಾಕುವ ದಿನ. ಇಡೀ ಮನೆಯಲ್ಲಿ ಮುಂದಾಳು ಮೈಯೆಲ್ಲ ಕಣ್ಣಾಗಿರಬೇಕಾದ ದಿನ ಇದೊಂದೇ ಅಂದರೂ ಸರಿ. ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹೊರುವ ಹಲಗೆ, ಆನಿಕೆ ಕಟ್ಟುವುದು) ಮತ್ತು ಕಂಬಿ ಕೆಲಸ ಕಸುಬಿನವರದು, ಅದಕ್ಕೆ ಸ್ವಯಂಸೇವಕರನ್ನು ಹಚ್ಚಬೇಡಿ. ಹಿಂದಿನ ದಿನವೇ ಎಂಜಿನಿಯರ್ ಬಂದು ಕಂಬಿ ನೋಡಿ ಒಪ್ಪಿರಬೇಕು. ಕಂಬಿಯ ಕೆಳಗೆ ಸಿಮೆಂಟಿನ ಬಿಲ್ಲೆ ಕೊಟ್ಟು ಎತ್ತಿದ್ದಾರಾ ಅಂತ ಬಗ್ಗಿ ನೋಡಿ. ಕಂಬಿ ಹಲಗೆಗೆ ಅಂಟಿಕೊಂಡಿದ್ದರೆ ನಾಳೆ ತುಕ್ಕು ಹಿಡಿದು ಛಾವಣಿಯ ಪದರ ಉದುರುತ್ತದೆ. ಸರ್ಕಾರಿ ಶಾಲೆಗಳ ಹಳೆಯ ಕಟ್ಟಡಗಳಲ್ಲಿ ನೀವು ಇದನ್ನು ನೋಡಿಯೇ ಇರುತ್ತೀರಿ.

ಬೆಳಿಗ್ಗೆ ಶುರುವಾದ ಕಾಂಕ್ರೀಟು ಮುಗಿಯುವವರೆಗೂ ನಿಲ್ಲಬಾರದು. ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದರೆ ಹಳೆಯದು ಗಟ್ಟಿಯಾಗಿ ಸಂದು ಬೀಳುತ್ತದೆ, ಮಳೆಗಾಲದಲ್ಲಿ ಅಲ್ಲೇ ಸೋರುವುದು. ಆದ್ದರಿಂದ ಎಲ್ಲ ಇಪ್ಪತ್ತೈದು ಜನರೂ ಬರಲಿ, ಎರಡು ತಂಡ ಮಾಡಿ, ಒಂದು ಉಣ್ಣುವಾಗ ಇನ್ನೊಂದು ಬುಟ್ಟಿ ದಾಟಿಸಲಿ.

ನೀವು ಮಾತ್ರ ಮಿಕ್ಸರ್ ಹತ್ತಿರ ನಿಲ್ಲಿ. ಬೇರೆ ಎಲ್ಲೂ ಹೋಗಬೇಡಿ. ಯಾಕೆಂದರೆ ಛಾವಣಿ ಕೆಡುವುದು ಅಲ್ಲೇ, ಅದೂ ನೀರಿನಿಂದ. ಎಂ20 ಕಾಂಕ್ರೀಟು ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಒಂದು ಚೀಲ ಸಿಮೆಂಟ್ ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ, ಅಷ್ಟು ಹಿಡಿಸುವ ಒಂದು ಹಲಗೆಯ ಪೆಟ್ಟಿಗೆ ಮಾಡಿಸಿ ಅದರಲ್ಲೇ ಮರಳು ಜಲ್ಲಿ ಅಳೆಯಿರಿ. ಬುಟ್ಟಿ ಲೆಕ್ಕ ನಂಬಬೇಡಿ, ಬೆಳಿಗ್ಗೆ ಗೋಪುರದಂತೆ ತುಂಬಿದ ಬುಟ್ಟಿ ಮಧ್ಯಾಹ್ನ ಅರ್ಧ ಆಗಿರುತ್ತದೆ. ನೀರು ಒಂದು ಚೀಲಕ್ಕೆ 30 ಲೀಟರ್ ದಾಟಬಾರದು. ಮರಳು ಒದ್ದೆಯಿದ್ದರೆ ಇನ್ನೂ ಕಮ್ಮಿ. ಹನ್ನೊಂದು ಗಂಟೆ ಬಿಸಿಲಿಗೆ ಹುಡುಗರ ಕೈ ಸೋತಿರುತ್ತದೆ, ಗಟ್ಟಿ ಕಾಂಕ್ರೀಟು ಬುಟ್ಟಿಯಿಂದ ಬೀಳುವುದಿಲ್ಲ. ಆಗ ಮೇಲಿನಿಂದ “ನೀರು ಹಾಕ್ರೋ” ಅಂತ ಕೂಗು ಬರುತ್ತದೆ. ಒಂದು ಬಕೆಟ್ ಹಾಕಿದರೆ ಎಲ್ಲರಿಗೂ ಸಲೀಸು. ಛಾವಣಿಗೆ ಮಾತ್ರ ಬಲ ಹೋಯಿತು. ಆ ಬಕೆಟ್ ಬೀಳದಂತೆ ತಡೆಯುವುದೇ ಅವತ್ತಿನ ನಿಮ್ಮ ಕೆಲಸ. ಜನ ಸೋತಿದ್ದರೆ ಆಳು ಬದಲಿಸಿ, ನೀರು ಹೆಚ್ಚಿಸಬೇಡಿ.

ಮರುದಿನ ಛಾವಣಿಯ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಕೆಳಗಿನ ಆನಿಕೆಗಳನ್ನು ಎರಡು ವಾರಕ್ಕೆ ಮೊದಲು ಮುಟ್ಟಿಸಬೇಡಿ. ಸೆಂಟ್ರಿಂಗ್‌ನವರು ಸಾಮಾನು ಬೇರೆ ಕಡೆ ಬೇಕು ಅಂತ ಅವಸರ ಮಾಡುತ್ತಾರೆ. ಬಾಡಿಗೆ ಮಾತಾಡುವಾಗಲೇ ದಿನ ಹೇಳಿಟ್ಟಿರಿ.

ಸುರಕ್ಷತೆ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಇದರಲ್ಲಿ ರಿಯಾಯಿತಿ ಇಲ್ಲ. ಚಪ್ಪಲಿಯಲ್ಲಿ ಬಂದವರಿಗೆ ಅವತ್ತು ಕೆಲಸ ಇಲ್ಲ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಹೊತ್ತು ಕಳೆದ ಮೇಲೆ ಗೊತ್ತಾಗುತ್ತದೆ. ಕೈಗವಸು, ಗಮ್‌ಬೂಟು ತರಿಸಿ. ಹದಿನೆಂಟು ತುಂಬದವರು ಮಿಕ್ಸರ್ ಹತ್ತಿರ, ಸಾರವೆ ಮೇಲೆ, ಗುಂಡಿಯೊಳಗೆ ಬೇಡ. ಧನುರ್ವಾಯು ಚುಚ್ಚುಮದ್ದು ಎಲ್ಲರಿಗೂ ಆಗಿರಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರು ಬ್ಯಾಂಕಿನಲ್ಲಿ ಮಾಡಿಸಬಹುದು. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲರಾದರೆ 2 ಲಕ್ಷ. ಇದು ಆಸ್ಪತ್ರೆ ಖರ್ಚಿಗೆ ಬರುವುದಿಲ್ಲ, ಅದಕ್ಕೆ ತಂಡದ ಹತ್ತಿರ ಸ್ವಲ್ಪ ಹಣ ಮತ್ತು ಒಂದು ವಾಹನ ಯಾವಾಗಲೂ ಇರಲಿ.

ಊಟದ ಮಾತು ಬಿಡುವಂತಿಲ್ಲ. ನಮ್ಮ ಹಳ್ಳಿಯ ಹೆಣ್ಣುಮಗಳು ತನ್ನ ಮನೆಗೆ ದುಡಿಯಲು ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ಸಾಲ ಮಾಡಿಯಾದರೂ ಹೋಳಿಗೆ ಮಾಡುತ್ತಾರೆ. ಹನ್ನೆರಡು ಜನಕ್ಕೆ ಎಂಟು ಭಾನುವಾರ ಊಟ ಹಾಕಿದರೆ ಅವರಿಗೆ ಉಳಿದಿದ್ದೇನು? ಮೊದಲೇ ಹೇಳಿ, ಊಟ ತಂಡದ್ದು. ಊರಿನ ಸ್ತ್ರೀಶಕ್ತಿ ಸಂಘಕ್ಕೆ ದುಡ್ಡು ಕೊಟ್ಟು ರೊಟ್ಟಿ, ಪಲ್ಯ, ಮಜ್ಜಿಗೆ ಮಾಡಿಸಿ. ಆ ತಾಯಿ, ಮಕ್ಕಳು, ಗೌಂಡಿ, ಆಳುಗಳು ಎಲ್ಲರೂ ಒಟ್ಟಿಗೇ ಕೂತು ಉಣ್ಣಲಿ. ಹಳ್ಳಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದು ಸಣ್ಣ ವಿಷಯವಲ್ಲ ಅಂತ ನಿಮಗೆ ನಾನು ಹೇಳಬೇಕಿಲ್ಲ. ನೀವು ಮೊದಲು ಹೋಗಿ ಕೂತರೆ ಹುಡುಗರು ಹಿಂದೆ ಬಂದು ಕೂರುತ್ತಾರೆ. ಆ ತಾಯಿ ಒಂದು ದಿನ ಪ್ರೀತಿಯಿಂದ ಚಹಾ ಮಾಡಿಕೊಟ್ಟರೆ ಬೇಡ ಅನ್ನಬೇಡಿ, ಕುಡಿಯಿರಿ.

ಫೋಟೊ ವಿಚಾರದಲ್ಲೂ ಒಂದು ಕಟ್ಟುನಿಟ್ಟು ಬೇಕು. ಮನೆಯ, ಕೆಲಸದ ಫೋಟೊ ತೆಗೆಯಲಿ. ಆ ತಾಯಿಯನ್ನೋ ಮಕ್ಕಳನ್ನೋ ತಗಡಿನ ಶೆಡ್ ಮುಂದೆ ನಿಲ್ಲಿಸಿ ತೆಗೆದು ಹಾಕುವುದು ಬೇಡ. ಆ ಮಕ್ಕಳು ನಾಳೆ ಅದೇ ಊರಿನ ಶಾಲೆಗೆ ಹೋಗಬೇಕು. ಗೃಹಪ್ರವೇಶಕ್ಕೆ ವೇದಿಕೆ, ಶಾಲು, ಅತಿಥಿಗಳು ಅಂತ ಯಾರಾದರೂ ಬಂದರೆ, ಆ ಹಣದಲ್ಲಿ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸೋಣ ಅನ್ನಿ.

ನಿಮಗೆ ಕಟ್ಟಡದ ಕೆಲಸ ಗೊತ್ತಿಲ್ಲ ಅಂದಿರಿ. ಮನೆ ಶುರುವಾಗುವ ಮೊದಲು ನೀವು ಗೊತ್ತು ಮಾಡಿದ ಗೌಂಡಿ ಈಗ ಕಟ್ಟುತ್ತಿರುವ ಮನೆಗೆ ನಾಲ್ಕಾರು ದಿನ ಹೋಗಿ, ಬೆಳಿಗ್ಗೆಯಿಂದ ಸಂಜೆವರೆಗೆ ಆಳಾಗಿ ದುಡಿಯಿರಿ. ಗಾರೆ ಕಲಸಿ, ಬುಟ್ಟಿ ಕೊಡಿ. ಅವರು ಯಾವಾಗ ಏನು ಕೇಳುತ್ತಾರೆ, ಯಾವಾಗ ಸಿಟ್ಟಾಗುತ್ತಾರೆ ಅಂತ ಗೊತ್ತಾಗುತ್ತದೆ. ನಿಮ್ಮ ಉಪಮುಂದಾಳುಗಳನ್ನೂ ಒಂದೊಂದು ದಿನ ಕಳಿಸಿ.

ಕಾಲದ ಬಗ್ಗೆ ಕೊನೆಯ ಮಾತು. ಎರೆ ನೆಲವಾದರೆ ಮಳೆಗಾಲದಲ್ಲಿ ಪಾಯಕ್ಕೆ ಇಳಿಯಲೇಬೇಡಿ. ದೀಪಾವಳಿ ಮುಗಿದ ಮೇಲೆ ಅಗೆತ ಶುರು ಮಾಡಿ. ಸಂಕ್ರಾಂತಿ ಹೊತ್ತಿಗೆ ಗೋಡೆ ಲಿಂಟಲ್‌ಗೆ ಬಂದಿರಲಿ, ಶಿವರಾತ್ರಿಯೊಳಗೆ ಛಾವಣಿ ಬೀಳಲಿ. ಅದಕ್ಕೆ ಕಾರಣ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯಲೇ ಕೊಡ ಹಿಡಿದು ನಿಲ್ಲುವ ಊರುಗಳಲ್ಲಿ, ಹೊಸ ಛಾವಣಿಗೆ ಹತ್ತು ದಿನ ನೀರು ನಿಲ್ಲಿಸಲು ಆಗುವುದಿಲ್ಲ. ಕಂತು ತಡವಾಗಿ ಛಾವಣಿ ಬೇಸಿಗೆಗೆ ಬಿದ್ದರೆ, ಟ್ಯಾಂಕರ್ ನೀರಿನ ಖರ್ಚನ್ನು ತಂಡವೇ ಕೂಡಿಸಿಡಲಿ. ಮೊದಲ ಮಳೆ ಬಂದ ಮೇಲೆ ಒಮ್ಮೆ ಗೌಂಡಿಯನ್ನು ಕರೆದುಕೊಂಡು ಹೋಗಿ, ಛಾವಣಿ, ಕಿಟಕಿಯ ಮೂಲೆ, ಗೋಡೆಯ ಬುಡ ನೋಡಿ ಬನ್ನಿ. ಸೋರಿಕೆ ಸಣ್ಣದಿರುವಾಗಲೇ ಅವರ ಕೈಯಲ್ಲಿ ಸರಿ ಮಾಡಿಸಿ. ಆ ದಿನದ ಅವರ ಕೂಲಿಯನ್ನೂ ಈಗಿನ ಲೆಕ್ಕದಲ್ಲೇ ಬರೆದಿಟ್ಟುಕೊಳ್ಳಿ.